ಬಲೆ ಒಣಹಾಕಿ ಈಜಿಗೆ ಇಳಿದವಳು

ಕಳೆದ ಶ್ರಾವಣದಲ್ಲಿ ತೀರಿಕೊಂಡ ಒಬ್ಬ ಹೆಂಗಸಿನ ಬಗ್ಗೆ ಬರೆಯಲು ಕುಳಿತಿದ್ದೇನೆ. ಹೆಸರು ಬರೆಯುವಂತಿಲ್ಲ. ನಿನ್ನ ಬಗ್ಗೆ ಪತ್ರಿಕೆಗೆ ಬರೆದು ಕಳಿಸಲೇ ಎಂದು ನಾನೊಮ್ಮೆ ಕೇಳಿದಾಗ ಆಕೆ ಬಲೆಯ ಗಂಟು ಬಿಡಿಸುವ ಕೆಲಸ ನಿಲ್ಲಿಸದೆ, "ಬರೀರಿ ಬೇಕಾರ. ಹೆಸರ ಮಾತ್ರ ಹಾಕಬ್ಯಾಡ್ರಿ ಅಕ್ಕೋರ. ಹೆಸರ ಹಾಕಿದ್ರ ಮಂದಿ ನನ್ನ ನೋಡಾಕ ಬರ್ತಾರ. ಈಸೂದ ಬಿಟ್ಟು ಅವರಿಗೆ ಚಾ ಕಾಸ್ಕೋತ ಕುಂಡ್ರಬೇಕಾಗತೈತಿ" ಅಂದಿದ್ದಳು. ಊರಿನವರೆಲ್ಲ ಆಕೆಯನ್ನು ದೊಡ್ಡವ್ವ ಅನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ. ಇಲ್ಲಿಯೂ ಅಷ್ಟೇ ಇರಲಿ.

ನಾನು ಬನಹಟ್ಟಿಯವಳು, ನೇಕಾರರ ಮನೆಯ ಮಗಳು. ಶಿಕ್ಷಕಿಯ ನೌಕರಿ ಸಿಕ್ಕು ಮೊದಲು ಹೋದದ್ದು ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಊರಿಗೆ. ಹಳೆಯ ಊರು ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಎತ್ತರದಲ್ಲಿ ಸಾಲಾಗಿ ಕಟ್ಟಿಕೊಟ್ಟ ಮನೆಗಳು ಅವು. ಶಾಲೆಯ ಹಿಂದಿನ ಇಳಿಜಾರಿನಲ್ಲಿ ಹತ್ತು ನಿಮಿಷ ನಡೆದರೆ ನೀರು. ಆ ನೀರಿನ ನಡುವೆ ಹಳೆಯ ಊರಿನ ಹುಡೇವು ಮಾತ್ರ ತಲೆ ಎತ್ತಿಕೊಂಡು ನಿಂತಿತ್ತು. ಹಿಂದಿನ ಕಾಲದಲ್ಲಿ ಊರ ಕಾವಲಿಗೆ ಕಟ್ಟಿದ ದುಂಡನೆಯ ಕಲ್ಲಿನ ಗೋಪುರ ಅದು. ಮಳೆಗಾಲದಲ್ಲಿ ಮೊಳದಷ್ಟು ಕಾಣುತ್ತಿತ್ತು, ಬೇಸಿಗೆಗೆ ಎರಡಾಳು ಎತ್ತರ ಏಳುತ್ತಿತ್ತು.

ಶನಿವಾರ ಬೆಳಗಿನ ಶಾಲೆ. ಸೇರಿದ ಎರಡನೆಯ ವಾರವೇ ಶಾಲೆ ಬಿಟ್ಟ ಮೇಲೆ ನೀರು ನೋಡೋಣವೆಂದು ಹೋದೆ. ಮೀನು ಹಿಡಿಯುವವರ ತೆಪ್ಪಗಳು ದಂಡೆಯಲ್ಲಿ ಬೋರಲು ಬಿದ್ದಿದ್ದವು. ಬೇವಿನ ಗಿಡದ ಕೆಳಗೆ ಗಂಡಸರು ಇಸ್ಪೀಟು ಆಡುತ್ತಿದ್ದರು, ಒಂದಿಬ್ಬರು ಮುಖದ ಮೇಲೆ ಟವೆಲ್ ಹಾಕಿಕೊಂಡು ನಿದ್ದೆಹೋಗಿದ್ದರು. ಹೆಂಗಸರು ಯಾರೂ ಇರಲಿಲ್ಲ. ಆಮೇಲೆ ದೃಷ್ಟಿ ನೀರಿನ ಕಡೆ ಹೋಯಿತು. ದೂರದಲ್ಲಿ ಹಸಿರು ಸೀರೆಯ ಒಂದು ಗಂಟು ತೇಲುತ್ತಿತ್ತು. ಹೆಣವೆಂದುಕೊಂಡು ನಾನು ಚೀರಿದೆ. ಇಸ್ಪೀಟಿನವರಲ್ಲಿ ಒಬ್ಬರು ಎಲೆಯಿಂದ ಕಣ್ಣು ತೆಗೆಯದೆ, "ಏನಿಲ್ರಿ ಬಾಯಾರ, ನಮ್ಮ ಮನಿಯಾಕಿ. ಮಲಗ್ಯಾಳ" ಅಂದರು.

ಮಲಗಿದ್ದು ನಿಜ. ಬೆನ್ನ ಮೇಲೆ, ಕೈಕಾಲು ಚಾಚಿ, ಕಣ್ಣು ಮುಚ್ಚಿ. ಐವತ್ತು ದಾಟಿದ ಹೆಂಗಸು, ಹಿನ್ನೀರಿನ ಮೇಲೆ ಮಧ್ಯಾಹ್ನದ ಹನ್ನೆರಡು ಗಂಟೆಗೆ.

ದೊಡ್ಡವ್ವನ ದಿನ ಎಲ್ಲರಿಗಿಂತ ಮೊದಲು ಶುರುವಾಗುತ್ತಿತ್ತು. ಗಂಡನ ಬಲಗೈಗೆ ಲಕ್ವ ಹೊಡೆದು ಹಿಡಿತ ಹೋದ ಮೇಲೆ ತೆಪ್ಪ ಆಕೆಯದೇ ಆಗಿತ್ತು. ಸಂಜೆ ಬಿಟ್ಟ ಬಲೆಯನ್ನು ಬೆಳಕು ಹರಿಯುವ ಹೊತ್ತಿಗೆ ಎತ್ತುವುದು, ಕಾಟ್ಲಾ, ರೋಹು, ಜಿಲೇಬಿ ಮೀನುಗಳನ್ನು ಬೇರೆ ಬೇರೆ ಮಾಡಿ ಬೀಳಗಿಯಿಂದ ಬರುವ ವ್ಯಾಪಾರಿಯ ಟೆಂಪೋಗೆ ತುಂಬುವುದು, ಬಲೆ ತೊಳೆದು, ಹರಿದಲ್ಲಿ ಹೆಣೆದು, ಒಣಹಾಕುವುದು. ಇಷ್ಟಾಗುವಾಗ ಹನ್ನೊಂದೂವರೆ. ರೊಟ್ಟಿಯನ್ನು ನೀರಿಗೆ ಹೊರಡುವ ಮೊದಲೇ ಬಡಿದಿಟ್ಟು ಬಂದಿರುತ್ತಿದ್ದಳು. ಕೈಯನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತೊಳೆದು, ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ನೀರಿಗೆ ಇಳಿಯುತ್ತಿದ್ದಳು. ಒಂದು ತಾಸು. ಆ ಒಂದು ತಾಸಿನಲ್ಲಿ ಯಾರು ಕರೆದರೂ ಬರುತ್ತಿರಲಿಲ್ಲ.

ಬೆಳಗ್ಗೆ ತೆಪ್ಪ ನೂಕುವಾಗ ಆಕೆ ನೀರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ನಾನು ನೋಡಿದ್ದೆ. ಮಧ್ಯಾಹ್ನ ಮಾತ್ರ ಹಾಗೇ ಧುಮುಕಿಬಿಡುತ್ತಿದ್ದಳು. ಯಾಕೆಂದು ಕೇಳಿದೆ.

"ಮುಂಜಾನಿ ಗಂಗವ್ವನ ಹಂತ್ಯಾಕ ಬೇಡಾಕ ಬಂದಿರ್ತೇನ್ರಿ. ಕೈ ಮುಗೀಬೇಕು. ಈಗ ಆಕಿ ಕೂಡ ಆಡಾಕ ಬಂದೇನಿ. ಗೆಳತಿಗಿ ಯಾರ ಕೈ ಮುಗೀತಾರ?"

ನೀರಿನ ಮೇಲೆ ಮಲಗಿ ಏನು ಮಾಡುತ್ತೀ ಎಂದು ಇನ್ನೊಂದು ದಿನ ಕೇಳಿದೆ. "ಏನೂ ಮಾಡಂಗಿಲ್ರಿ. ಕಿವಿ ನೀರಾಗಿರ್ತಾವು. ಯಾರ ಕರದ್ರೂ ಕೇಳಸಂಗಿಲ್ಲ" ಅಂದು ನಕ್ಕಳು. ಮುಂದಿನ ಹಲ್ಲೊಂದು ಇರಲಿಲ್ಲ. ನಗುವಾಗ ಆ ಸಂದಿನಲ್ಲಿ ನಾಲಗೆ ಇಣುಕುತ್ತಿತ್ತು.

ನನಗೆ ನೀರೆಂದರೆ ಭಯ. ನಾನು ಐದು ವರ್ಷದವಳಿದ್ದಾಗ ಹೊಳೆ ಏರಿ ನಮ್ಮ ಓಣಿಗೆ ಬಂದಿತ್ತು. ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿ ತುಂಬಿ ನೆಲದ ಮಟ್ಟಕ್ಕೆ ನೀರು ನಿಂತದ್ದು ತಿಳಿಯದೆ ನಾನು ನಡೆದುಕೊಂಡು ಹೋಗಿ ಕುಣಿಯಲ್ಲಿ ಮುಳುಗಿದ್ದೆ. ಅಪ್ಪ ಜಡೆ ಹಿಡಿದು ಮೇಲೆತ್ತಿದ್ದರಂತೆ. ಅಂದಿನಿಂದ ತಲೆಗೆ ನೀರು ಹಾಕಿಕೊಳ್ಳುವಾಗಲೂ ಒಂದು ಕೈ ಗೋಡೆಯ ಮೇಲಿರುತ್ತಿತ್ತು. ಇದನ್ನು ದೊಡ್ಡವ್ವನಿಗೆ ಹೇಳಿದ್ದೇ ತಪ್ಪಾಯಿತು. ಮುಂದಿನ ಶನಿವಾರ ಆಕೆ ಒಂದು ಬಕೀಟು ನೀರು ತುಂಬಿ ದಂಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು.

"ಮುಖ ಹಾಕ್ರಿ ಇದರಾಗ."

"ಯಾಕ ದೊಡ್ಡವ್ವಾ?"

"ಹುಡುಗರಿಗೆ ಅಆಇಈ ಬರಸೂಮುಂದ ಯಾಕ ಅಂತ ಹೇಳಿ ಬರಸ್ತೀರೇನು? ಹಾಕ್ರಿ."

ಮೂರು ವಾರ ಬಕೀಟಿನಲ್ಲಿ ಮುಖ ಹಾಕಿದೆ. ನಾಲ್ಕನೆಯ ವಾರ ಹಳೆಯ ಚೂಡಿದಾರ ತೊಟ್ಟು ಮೊಣಕಾಲು ನೀರಿನಲ್ಲಿ ನಿಂತೆ. ಆಮೇಲೆ ಆಕೆ ಅಡುಗೆ ಎಣ್ಣೆಯ ಐದು ಲೀಟರಿನ ಖಾಲಿ ಕ್ಯಾನನ್ನು ಬಲೆಯ ಹಗ್ಗದಿಂದ ನನ್ನ ಬೆನ್ನಿಗೆ ಕಟ್ಟಿದಳು. ಅದು ನನ್ನನ್ನು ಎತ್ತಿ ಹಿಡಿಯಿತು. ಆಕೆ ಗಲ್ಲಕ್ಕೆ ಎರಡು ಬೆರಳು ಕೊಟ್ಟು ಹಿಂದೆ ಹಿಂದೆ ನಡೆದಳು, ನಾನು ಕಾಲು ಬಡಿದೆ. ಶನಿವಾರ, ರವಿವಾರ ಹೀಗೆಯೇ ಎರಡು ತಿಂಗಳು ನಡೆಯಿತು. ಕ್ಯಾನು ಇದ್ದರೆ ನನಗೆ ಧೈರ್ಯ, ಇಲ್ಲದಿದ್ದರೆ ಹೆಜ್ಜೆ ಮುಂದಿಡುತ್ತಿರಲಿಲ್ಲ.

ಕ್ಯಾನನ್ನು ಯಾವಾಗಲೂ ಆಕೆಯೇ ನೀರಿನಲ್ಲಿ ಕಟ್ಟಿ ನೀರಿನಲ್ಲೇ ಬಿಚ್ಚುತ್ತಿದ್ದಳು. ಒಂದು ರವಿವಾರ ನಾನೇ ದಂಡೆಗೆ ಬಂದು ಹಗ್ಗ ಬಿಚ್ಚಿದಾಗ ಕ್ಯಾನು ಧಪ್ಪನೆ ಕಾಲ ಮೇಲೆ ಬಿತ್ತು. ಮುಚ್ಚಳ ತೆಗೆದು ನೋಡಿದರೆ ತುಂಬ ನೀರು.

"ದೊಡ್ಡವ್ವಾ, ಇದು ಸೋರತೈತಿ!"

"ಸೋರಂಗಿಲ್ರಿ. ನಾನ ತುಂಬೇನಿ. ವಾರಕ್ಕೊಂದು ತಂಬಗಿ ಹಾಕ್ಕೋತ ಬಂದೇನಿ. ಹ್ವಾದ ವಾರನ ತುಂಬಿತ್ತದು. ಎರಡು ವಾರ ಆತು, ನೀವು ಒಬ್ಬಾಕಿನ ಈಸಾಕತ್ತೀರಿ."

ಏಳನೆಯ ತರಗತಿಗೆ ವಸ್ತು ಯಾಕೆ ತೇಲುತ್ತದೆ, ಯಾಕೆ ಮುಳುಗುತ್ತದೆ ಎಂದು ಪ್ರಯೋಗ ಮಾಡಿ ತೋರಿಸುವವಳು ನಾನು. ನನ್ನ ಬೆನ್ನ ಮೇಲಿನ ಪ್ರಯೋಗ ನನಗೆ ಗೊತ್ತಾಗಿರಲಿಲ್ಲ. ದಂಡೆಯಲ್ಲೇ ಕುಳಿತು ನಕ್ಕೆ, ಸ್ವಲ್ಪ ಅತ್ತೆ ಕೂಡ. ಆಕೆ ಕ್ಯಾನಿನ ನೀರನ್ನು ಪಕ್ಕದ ಹುಣಸೆ ಸಸಿಗೆ ಸುರಿದು, ಖಾಲಿ ಕ್ಯಾನನ್ನು ಇನ್ನೊಬ್ಬಳಿಗೆ ಕಟ್ಟಲು ಹೋದಳು.

ಅಷ್ಟು ಹೊತ್ತಿಗೆ ಇನ್ನೊಬ್ಬಳು, ಮತ್ತೊಬ್ಬಳು ಎಂದು ಬರಲು ಶುರುವಾಗಿತ್ತು. ಮೊದಲು ಆಕೆಯ ಸೊಸೆ. ಆಮೇಲೆ ಅಂಗನವಾಡಿಯ ಕಾರ್ಯಕರ್ತೆ. ಆಮೇಲೆ ಕುರಿ ಸಾಕುವ ಮನೆಯ ಅಕ್ಕತಂಗಿಯರಿಬ್ಬರು, ಕುರಿಗೆ ನೀರು ಕುಡಿಸಲು ಬಂದವರು ತಾವೂ ಇಳಿದರು. ನಾವು ಆರು ಮಂದಿಯಾದೆವು. ನೀರು ಎರಚಾಟ, ಕೂಗಾಟ, ಮುಳುಗಿ ಕಾಲು ಎಳೆಯುವುದು, ಎಲ್ಲ ಇತ್ತು. ಇಸ್ಪೀಟಿನ ಗಂಡಸರು ಮೊದಮೊದಲು ಗೊಣಗಿದರು. ಆಮೇಲೆ ಬೇವಿನ ಗಿಡದ ಆಚೆ ಬದಿಗೆ ಸರಿದು ನಮಗೆ ಬೆನ್ನು ಕೊಟ್ಟು ಆಡತೊಡಗಿದರು.

ಕಾರ್ತಿಕದಲ್ಲಿ ಒಂದು ವಿಡಿಯೋ ಊರಿನ ಮೊಬೈಲುಗಳಲ್ಲೆಲ್ಲ ಹರಿದಾಡಿತು. ಮದುವೆಯಾಗಿದ್ದ ಒಬ್ಬ ಯುವಕ ನೀರಲ್ಲಿದ್ದ ಒಂದು ತೆಪ್ಪದ ಮರೆಯಲ್ಲಿ ನಿಂತು ತೆಗೆದದ್ದು. ಅದರಲ್ಲಿ ನಾವು ನಗುತ್ತಿದ್ದೆವು, ಅಷ್ಟೇ. ಆದರೆ ಕೆಳಗೆ ಬರೆದ ಮಾತುಗಳು ಓದುವಂತಿರಲಿಲ್ಲ. ಮುಖ್ಯ ಶಿಕ್ಷಕರು ನನ್ನನ್ನು ಕರೆದು, "ನೀವು ನೌಕರಿ ಮಾಡೋರು, ಹೊಸಬರು. ಮ್ಯಾಲಿನವರಿಗೆ ಯಾರರ ಅರ್ಜಿ ಬರದ್ರ ನಾ ಏನ ಹೇಳ್ಲಿ?" ಅಂದರು. ಒಳ್ಳೆಯ ಮನುಷ್ಯರು, ಅವರಿಗೂ ಹೆದರಿಕೆ. ಸೋಮವಾರ ಸಂಜೆ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂಡಿದರು. ನನಗೂ ಹೇಳಿ ಕಳಿಸಿದ್ದರು.

ಹಿರಿಯರಲ್ಲಿ ಮುಖ್ಯರು ಶಾಲಾ ಸಮಿತಿಯ ಅಧ್ಯಕ್ಷರು. ಬಾಡಗಂಡಿ ಕಡೆ ಕಬ್ಬಿನ ಹೊಲ ಇದ್ದವರು, ಹಣೆತುಂಬ ವಿಭೂತಿ, ಮೆಲುದನಿಯ ಮಾತು. ಊರಲ್ಲಿ ಅವರ ಮಾತಿಗೆ ತೂಕವಿತ್ತು. ಅವರು ನನ್ನ ಕಡೆ ನೋಡಲಿಲ್ಲ, ದೊಡ್ಡವ್ವನನ್ನೇ ಕೇಳಿದರು.

"ಅಲ್ಲಬೇ, ಹಡದಿ, ಮೊಮ್ಮಕ್ಕಳನ ಕಂಡಿ. ಈ ವಯಸ್ಸಿನ್ಯಾಗ ನಿನಗ್ಯಾಕ ಬೇಕಿದು?"

"ಬೇಕ್ರೀ."

"ಯಾಕ ಅಂತ ಕೇಳಿದೆ."

"ಛಲೋ ಅನಸ್ತೈತ್ರಿ."

ಮೈಕೈ ನೋವಿಗೆ, ವ್ಯಾಯಾಮಕ್ಕೆ, ಡಾಕ್ಟರರು ಹೇಳಿದ್ದಕ್ಕೆ ಎಂದಿದ್ದರೆ ಹಿರಿಯರು ವಾದ ಮಾಡಬಹುದಿತ್ತು. ಕೊನೆಗೆ ಇನ್ನೊಬ್ಬ ಹಿರಿಯರು, "ಊರ ಮಾನಾ ಮರ್ಯಾದಿ ಅಂತ ಒಂದ ಐತೋ ಇಲ್ಲೋ?" ಅಂದರು.

ದೊಡ್ಡವ್ವ ಎದ್ದು ನಿಂತಳು. ದನಿ ಏರಿಸಲಿಲ್ಲ. "ಯಪ್ಪಾ, ದಿನಾ ಮುಂಜಾನಿ ಎದಿಮಟ ನೀರಾಗ ನಿಂತ ಬಲಿ ಎಳೀತೇನಿ. ಇದ ಸೀರಿ, ಇದ ಮೈ. ಹತ್ತು ವರ್ಷ ಆತು, ಯಾರಿಗೂ ನಾಚಿಕಿ ಬರಲಿಲ್ಲ. ದುಡಿಯಾಕ ಇಳದ್ರ ಮಾನ, ಆಡಾಕ ಇಳದ್ರ ಮಾನಗೇಡು ಏನ್ರಿ?"

ಅಧ್ಯಕ್ಷರು, "ಹೆಣ್ಣಮಕ್ಕಳಿಗೆ ನೀರಾಗ ಏನರ ಆದ್ರ ಯಾರ ಜವಾಬ್ದಾರಿ?" ಎಂದರು.

"ಏನೂ ಆಗಬಾರದಂತನ ಕಲಸಾಕತ್ತೇನ್ರಿ."

ಅಷ್ಟು ಹೇಳಿ ಆಕೆ ಮೂಲೆಯಲ್ಲಿ ನಿಂತಿದ್ದ ಆ ಯುವಕನ ಕಡೆ ತಿರುಗಿದಳು. "ಏ ತಮ್ಮಾ, ಸೊಂಟದ ಮಟ ನೀರಾಗ ನಿಂತು ಮೊಬೈಲ ಹಿಡದಿದ್ದೆಲ್ಲಾ, ಹಿಂದ ಎರಡು ಹೆಜ್ಜಿ ಇಟ್ಟಿದ್ರ ಅಲ್ಲಿ ನೀರಾಗ ಮುಳಗಿದ ಹಳೇ ಬಾವಿ ಐತಿ. ನಿನಗ ಈಸಾಕ ಬರ್ತೈತೇನೋ?"

ಅವನಿಗೆ ಬರುತ್ತಿರಲಿಲ್ಲ. ಊರು ಮೇಲೆ ಬಂದ ನಂತರ ಬೆಳೆದವರಲ್ಲಿ ಹೆಚ್ಚಿನವರಿಗೆ ಬರುತ್ತಿರಲಿಲ್ಲ, ಎದುರಿಗೇ ಸಮುದ್ರದಂಥ ನೀರಿದ್ದರೂ.

"ನಾಳಿಂದ ಸಂಜಿ ನಾಕಕ್ಕ ಬಾ. ಗಂಡಸರ ಹೊತ್ತದು. ಕಲಸ್ತೇನಿ. ಮೊಬೈಲ ಮನ್ಯಾಗಿಟ್ಟ ಬಾ, ನೆನಿತೈತಿ."

ಮೊದಲು ನಕ್ಕವರು ಅಧ್ಯಕ್ಷರೇ. ಹನ್ನೆರಡರಿಂದ ಒಂದರವರೆಗೆ ಬೇವಿನ ಗಿಡದ ಈಚೆ ಗಂಡಸರು ಬರಬಾರದು, ವಿಡಿಯೋ ಅಳಿಸಬೇಕು, ಇನ್ನೊಮ್ಮೆ ತೆಗೆದವರು ಕಟ್ಟೆಗೆ ಬಂದು ಉತ್ತರ ಹೇಳಬೇಕು ಎಂದು ಅವರು ಹೇಳಿ ಎದ್ದರು. ಆ ಹೊತ್ತಿನಲ್ಲಿ ನಾನು ಒಂದು ಮಾತನ್ನೂ ಆಡಲಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಓದಿದವಳು, ಪಾಠ ಹೇಳುವವಳು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ಕುಳಿತಿದ್ದೆ. ಮನೆಗೆ ಹೋಗುವಾಗ ಕ್ಷಮೆ ಕೇಳಿದೆ. ಆಕೆ, "ನೀವ್ಯಾಕ ಮಾತಾಡಬೇಕು? ನಿಮ್ಮ ನೌಕರಿ ಇರ್ಲಿ. ನನ್ನ ಯಾರ ಕೆಲಸದಿಂದ ತಗೀತಾರ?" ಅಂದಳು. ಆ ಮಾತು ಬಹಳ ದಿನ ನನ್ನ ಎದೆಯಲ್ಲಿ ಚುಚ್ಚುತ್ತಿತ್ತು. ಮುಂದಿನ ಶನಿವಾರ ನಾನು ಎಲ್ಲರಿಗಿಂತ ಮೊದಲು ಹೋಗಿ ನೀರಿಗೆ ಇಳಿದೆ. ಅದೇ ನನ್ನ ಉತ್ತರವಾಗಿತ್ತು.

ಯುವಕ ಬಂದನೋ ಎಂದು ನೀವು ಕೇಳಬಹುದು. ಬಂದ. ಅವನ ಬೆನ್ನಿಗೂ ಅದೇ ಎಣ್ಣೆಯ ಕ್ಯಾನು. ಮೂರನೆಯ ದಿನ ಹೆಂಗಸರ ಹೊತ್ತಿಗೆ ಅಧ್ಯಕ್ಷರ ಹೆಂಡತಿಯೂ ಬಂದರು, ಕೊಡೆ ಹಿಡಿದುಕೊಂಡು. "ನಾ ಇಳಿಯಂಗಿಲ್ಲ, ನೋಡಾಕ ಬಂದೇನಿ" ಅಂದು ಮೊಣಕಾಲುಮಟ ನೀರಿನಲ್ಲಿ ಕೊಡೆ ಹಿಡಿದೇ ನಿಂತರು.

ಯುಗಾದಿಗೆ ಮೊದಲು, ನೀರು ಇಳಿಯತೊಡಗಿದ ಕಾಲದಲ್ಲಿ, ದೊಡ್ಡವ್ವ ನಮ್ಮನ್ನು ಹುಡೇವಿನವರೆಗೆ ಕರೆದೊಯ್ಯುವುದಾಗಿ ಹೇಳಿದಳು. ಎರಡು ಕಬ್ಬಿನ ಹೊಲ ದಾಟಿದಷ್ಟು ದೂರ. ಹದಿನೈದು ದಿನ ದಂಡೆಯುದ್ದಕ್ಕೆ ಅಷ್ಟೇ ದೂರ ಈಜಿಸಿದಳು. ಎಲ್ಲರಿಗೂ ಬಂತು ಎಂದು ತನಗೆ ಖಾತ್ರಿಯಾದ ಮೇಲೆಯೇ ದಿನ ಹೇಳಿದಳು. ಸೊಸೆ ಈಜಲಿಲ್ಲ, ಪಕ್ಕದಲ್ಲಿ ತೆಪ್ಪ ನಡೆಸಿಕೊಂಡು ಬಂದಳು. ತೆಪ್ಪದಲ್ಲಿ ಅಧ್ಯಕ್ಷರ ಹೆಂಡತಿ, ಅವರ ಕೊಡೆ, ರೊಟ್ಟಿಯ ಬುತ್ತಿ, ಒಂದು ತಂಬಿಗೆ ಮಜ್ಜಿಗೆ.

ಅರ್ಧ ದಾರಿಯವರೆಗೆ ಎಲ್ಲ ಸರಿಯಿತ್ತು. ಆಮೇಲೆ ನಾನು ಕೆಳಗೆ ನೋಡಿದೆ. ತಿಳಿನೀರಿನ ಕೆಳಗೆ ಕಪ್ಪಗೆ ಗೋಡೆಗಳ ಸಾಲು ಕಂಡಿತು. ಒಮ್ಮೆಲೇ ಮಗ್ಗದ ಕುಣಿಯ ಕತ್ತಲು ಮೈಯೊಳಗೆ ಎದ್ದು ಬಂತು. ಕೈ ನಿಂತಿತು. ನೀರು ಕುಡಿದೆ. ತೆಪ್ಪ ಆಚೆ ಬದಿಗಿತ್ತು. ದೊಡ್ಡವ್ವ ಎರಡೇ ಬೀಸಿಗೆ ನನ್ನ ಪಕ್ಕ ಬಂದಳು. ಹಿಡಿಯಲಿಲ್ಲ, ಸಮಾಧಾನ ಹೇಳಲಿಲ್ಲ.

"ಅಕ್ಕೋರ, ಬೆನ್ನ ಮ್ಯಾಲ ಹೊಳ್ಳಿ ಮಲಕೋರಿ. ಏಳರ ಮಗ್ಗಿ ಹೇಳ್ರಿ."

"ಆಗವಲ್ದು ದೊಡ್ಡವ್ವಾ."

"ಹುಡುಗರಿಗೆ ಬಡದು ಹೇಳಸ್ತೀರಿ. ನಿಮಗ ಬರಂಗಿಲ್ಲೇನು?"

ಹೊರಳಿದೆ. ಆಕಾಶ ನೋಡುತ್ತ, ಹಲ್ಲು ಕಟಕಟಿಸುತ್ತ, ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು ಎಂದೆ. ಏಳಾರ್ಲೆ ನಲವತ್ತೆರಡು ಅನ್ನುವಾಗ ಉಸಿರು ಜಾಗಕ್ಕೆ ಬಂತು. ಏಳ್ಹತ್ಲೆ ಎಪ್ಪತ್ತು ಮುಗಿದಾಗ ಆಕೆ, "ಎಂಟರದು ಅಲ್ಲಿ ಹೋಗಿ ಹೇಳೂಣಂತ" ಅಂದು ಮುಂದೆ ಹೊರಟಳು. ನಾನು ಹೊರಳಿ ಆಕೆಯ ಹಿಂದೆ ಕೈ ಬೀಸಿದೆ. ಬೆರಳಿಗೆ ಹುಡೇವಿನ ಕಲ್ಲು ತಾಗಿತು. ಪಾಚಿ ಹತ್ತಿದ, ಬಿಸಿಲಿಗೆ ಬೆಚ್ಚಗಾದ ಕಲ್ಲು. ಶಿಕ್ಷಕರ ನೇಮಕದ ಪರೀಕ್ಷೆಯಲ್ಲಿ ಪಾಸಾದಾಗಲೂ ನಾನು ಅಷ್ಟು ದೊಡ್ಡದಾಗಿ ಕೂಗಿರಲಿಲ್ಲ.

ಒಡೆದ ಮೆಟ್ಟಿಲುಗಳನ್ನು ಹಿಡಿದು ಮೇಲೆ ಹತ್ತಿದೆವು. ತೊಟ್ಟಿಕ್ಕುವ ಬಟ್ಟೆಯಲ್ಲಿ ಸುತ್ತಲೂ ಕುಳಿತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ದೊಡ್ಡವ್ವ ಕೈಮಾಡಿ ತೋರಿಸಿದಳು. ಅಲ್ಲಿ ಆಕೆ ಸೊಸೆಯಾಗಿ ಬಂದ ಮನೆ, ಅಲ್ಲಿ ಹಿಟ್ಟಿನ ಗಿರಣಿ, ಅಲ್ಲಿ ನೀರು ಹೊರುತ್ತಿದ್ದ ದಾರಿ. "ಮದವಿ ಆಗಿ ಬಂದಾಗ ಈ ಹುಡೇವ ಹತ್ತಬೇಕಂತ ಭಾಳ ಆಸೆ ಇತ್ರಿ. ನಮ್ಮತ್ತಿ, ಹೆಣ್ಣಮಕ್ಕಳು ಹತ್ತೂದಲ್ಲ ಅಂದಿದ್ಲು. ಊರು ಮುಳಗಿದ ಮ್ಯಾಲ ಹತ್ತಿದೆ ನೋಡ್ರಿ." ಹೇಳುವಾಗ ದುಃಖವೇನೂ ಇರಲಿಲ್ಲ. ತನ್ನದೇ ಮನೆಯ ಮಾಳಿಗೆ ಮೇಲೆ ಅತಿಥಿಗಳನ್ನು ಕೂರಿಸಿಕೊಂಡವಳ ಹಾಗೆ ಬೀಗುತ್ತಿದ್ದಳು. ನಮಗೂ ಅದು ಅಂಟಿಕೊಂಡಿತು. ದಂಡೆಯ ಮೇಲೆ ಊರ ಮಂದಿ ನೆರೆದಿದ್ದರು. ಅಷ್ಟು ದೂರದಿಂದ ಮುಖಗಳು ಕಾಣುತ್ತಿರಲಿಲ್ಲ, ಆದರೆ ಯಾರೋ ರುಮಾಲು ಬಿಚ್ಚಿ ಬೀಸುತ್ತಿದ್ದರು.

ಆ ಮೇಲಿನ ವರ್ಷ ಪಂಚಾಯಿತಿಯವರು ಊರ ಮಕ್ಕಳಿಗೆಲ್ಲ ಈಜು ಕಲಿಸಲು ಒಬ್ಬರನ್ನು ಸಂಬಳಕ್ಕೆ ಇಟ್ಟುಕೊಳ್ಳಲು ಮುಂದಾದರು. ಕೇಳಿದ್ದು ಆಕೆಯನ್ನೇ. ನಾವೆಲ್ಲ ಹಿಗ್ಗಿದೆವು. ಆಕೆ ಒಪ್ಪಲಿಲ್ಲ.

"ಪಗಾರ ತಗೊಂಡ್ರ ಅದು ದುಡಿಮಿ ಆಗತೈತ್ರಿ. ದುಡಿಮಿ ಮುಂಜಾನಿದು ಸಾಕು. ಮಧ್ಯಾಹ್ನದ್ದು ನಂದು."

ಆ ಕೆಲಸವನ್ನು ಸೊಸೆಗೆ ಕೊಡಿಸಿದಳು. ಸೊಸೆ ಈಗಲೂ ಕಲಿಸುತ್ತಾಳೆ. ಅವಳ ಕೈಯಲ್ಲಿ ಕಲಿತ ಹುಡುಗಿಯೊಬ್ಬಳು ಜಿಲ್ಲೆಯ ಕ್ರೀಡಾಕೂಟದಲ್ಲಿ ಈಜಿ ಎರಡನೆಯವಳಾಗಿ ಬಂದಾಗ ದೊಡ್ಡವ್ವ ಪದಕವನ್ನು ಕೈಯಲ್ಲಿ ಹಿಡಿದು ತಿರುವಿ ನೋಡಿ, "ಛಲೋ ಆತು. ಈಸೂಮುಂದ ಖುಶಿ ಆತೇನು?" ಎಂದಷ್ಟೇ ಕೇಳಿದಳಂತೆ. ಹುಡುಗಿ ಹೂಂ ಅಂದಮೇಲೆ ಪದಕ ವಾಪಸು ಕೊಟ್ಟಳಂತೆ.

ನನಗೆ ಜಮಖಂಡಿಗೆ ವರ್ಗವಾಯಿತು. ಹೊಸ ಶಾಲೆಯಲ್ಲಿ ನನ್ನ ಪರಿಚಯ ಮಾಡಿಕೊಡುವಾಗ ನಿಮ್ಮ ಹವ್ಯಾಸವೇನು ಎಂದು ಕೇಳಿದರು. ಈಜು ಎಂದೆ. ಸಹೋದ್ಯೋಗಿಗಳು ತಮಾಷೆ ಎಂದುಕೊಂಡು ನಕ್ಕರು. ನಾನು ನಗಲಿಲ್ಲ. ಹೇಳುವಾಗ ಬೆನ್ನು ತಾನಾಗಿ ನೆಟ್ಟಗಾಗಿತ್ತು.

ಶ್ರಾವಣದ ಒಂದು ಬೆಳಗ್ಗೆ ಸೊಸೆಯ ಫೋನು ಬಂತು. ಬಸ್ಸು ಹಿಡಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮನೆಯ ಮುಂದೆ ಚಾಪೆ ಹಾಸಿ ಹೆಂಗಸರು ಕುಳಿತಿದ್ದರು. ಅಧ್ಯಕ್ಷರ ಹೆಂಡತಿ ನನಗೆ ಜಾಗ ಬಿಟ್ಟುಕೊಟ್ಟರು. ಕಾಯಿಲೆಯೇನಿತ್ತು ಎಂದು ಕೇಳಿದೆ. ಏನೂ ಇರಲಿಲ್ಲ ಎಂದಳು ಸೊಸೆ. ಹಿಂದಿನ ದಿನ ಬೆಳಗ್ಗೆ ಇಬ್ಬರೂ ಕೂಡಿಯೇ ಬಲೆ ಎತ್ತಿದ್ದರು. ಮೀನು ಟೆಂಪೋಗೆ ಹೋಗಿತ್ತು. ಬಲೆ ಒಣಹಾಕಿ ಅತ್ತೆ ಎಂದಿನಂತೆ ನೀರಿಗೆ ಇಳಿದಿದ್ದಳು. ನೀರು ತುಂಬಿ ನಿಂತ ಕಾಲ. ಬಹಳ ಹೊತ್ತು ಬೆನ್ನ ಮೇಲೆ ಮಲಗಿದ್ದಳಂತೆ. ಎಂದೂ ಇಲ್ಲದ್ದು, ಒಂದು ಗಂಟೆ ಆಗುವ ಮೊದಲೇ ದಂಡೆಗೆ ಬಂದು ಕೂದಲು ಹಿಂಡಿಕೊಳ್ಳುತ್ತ ನಿಂತಳಂತೆ.

"ನಾ ಕೇಳಿದ್ನಿರಿ ಅಕ್ಕೋರ, ಇವತ್ತ ಲಗೂನ ಬಂದಿ, ಸಾಕಾತೇನ್ ಅತ್ತಿ ಅಂತ."

"ಏನಂದ್ಲು?"

ಸೊಸೆಗೆ ಅಳುವಿನ ನಡುವೆಯೂ ನಗು ಬಂತು. "ಎಲ್ಲಿ ಸಾಕು? ಹಸಿವಿ ಆತಂತ ಬಂದೇನಿ, ಅಂದ್ಲ್ರಿ. ಎರಡು ರೊಟ್ಟಿ ತಿಂದ್ಲು. ಇನ್ನರ್ಧ ಕೇಳಿ ಹಾಕಿಸ್ಕೊಂಡ್ಲು. ರಾತ್ರಿ ಮಲಗಿದಾಕಿ ಏಳಲಿಲ್ಲ."